ಪ್ರಮಾದಪ್ರಸ್ತಾರದ ಯಂತ್ರವೂ ಭೇದವೃಕ್ಷದ ದರ್ಶನವೂ

1

ಜೈನ ಸಿದ್ಧಾಂತಗ್ರಂಥಗಳ ಅಭ್ಯಾಸಿಗೆ ಪ್ರಾಕೃತ ಭಾಷೆಗಿಂತಲೂ ಹೆಚ್ಚಿನ ತೊಡಕನ್ನೊಡ್ಡುವುದು ಅವುಗಳಲ್ಲಿ ಕಂಡುಬರುವ ಭೇದಪ್ರಭೇದಗಳ ವಿಸ್ತಾರ. ಮೂಲಕರ್ಮಗಳು 8, ಅವುಗಳ ಉತ್ತರಪ್ರಕೃತಿಗಳು 148. ಪ್ರಮಾದಗಳು 15, ಅವುಗಳ ಸಂಯೋಗದಿಂದ ಉಂಟಾಗುವ ಆಲಾಪಗಳು 80, ಇನ್ನೂ ಸೂಕ್ಷ್ಮವಾಗಿ ವಿಭಾಗಿಸಿದರೆ 37,500. ಮುನಿಗಳ ಶೀಲಭೇದಗಳು 18,000. ಇಷ್ಟು ದೊಡ್ಡ ಸಮುದಾಯವನ್ನು ಅಂಗೈಯಗಲಕ್ಕಿಂತ ಕಿರಿದಾದ ತಾಳೆಗರಿಯ ಮೇಲೆ ತೋರಿಸುವುದು ಹೇಗೆ? ತೋರಿಸಿದರೂ ಅದರೊಳಗಿನ ಒಂದು ಭೇದವನ್ನು ಓದುಗನು ಆಯಾಸವಿಲ್ಲದೆ ಹುಡುಕಿ ತೆಗೆಯುವುದು ಹೇಗೆ? ಈ ಪ್ರಶ್ನೆಗೆ ನಮ್ಮ ಆಚಾರ್ಯರು ಕಂಡುಕೊಂಡ ಒಂದು ಉತ್ತರವನ್ನೂ, ಆ ಉತ್ತರವು ಎಲ್ಲಿಯವರೆಗೆ ಸಲ್ಲುತ್ತದೆ ಎಂಬುದನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇದೇ ಪ್ರಶ್ನೆಯು 20ನೆಯ ಶತಮಾನದ ಕೊನೆಯ ಎರಡು ದಶಕಗಳಲ್ಲಿ, ತೀರ ಬೇರೆಯಾದ ಸನ್ನಿವೇಶದಲ್ಲಿ, ಕಂಪ್ಯೂಟರಿನ ತೆರೆಯ ಮುಂದೆ ಕುಳಿತ ವಿಜ್ಞಾನಿಗಳನ್ನೂ ಕಾಡಿತು. ಸಾವಿರಾರು ಕಡತಗಳು, ಅವುಗಳನ್ನೊಳಗೊಂಡ ಕಟ್ಟುಗಳು, ಆ ಕಟ್ಟುಗಳನ್ನೊಳಗೊಂಡ ಮೇಲ್ಕಟ್ಟುಗಳು, ಹೀಗೆ ಮೆಟ್ಟಿಲುಮೆಟ್ಟಿಲಾಗಿ ಕವಲೊಡೆದ ಮಾಹಿತಿಯನ್ನು ಒಂದು ಗೇಣು ತೆರೆಯ ಮೇಲೆ ಕಾಣಿಸುವ ಬಗೆ ಯಾವುದು ಎಂದು ಅವರು ಚಿಂತಿಸಿದರು. ಈ ಎರಡು ಪ್ರಯತ್ನಗಳಿಗೂ ಪರಸ್ಪರ ಚಾರಿತ್ರಿಕ ಸಂಬಂಧವಿಲ್ಲ; ಇದ್ದಂತೆ ಸಾಧಿಸಹೊರಡುವುದು ಇತಿಹಾಸಕ್ಕೆ ಮಾಡುವ ಅಪಚಾರವಾದೀತು. ಆದರೆ ಒಂದರ ಬೆಳಕಿನಲ್ಲಿ ಇನ್ನೊಂದನ್ನು ನೋಡಿದಾಗ, ಹಸ್ತಪ್ರತಿಗಳಲ್ಲಿ ಅಂಕಗಳ ಕೋಷ್ಟಕವೆಂದು ನಾವು ದಾಟಿಹೋಗುವ ಕೆಲವು ಗೆರೆಗಳು ಏಕೆ ಅಲ್ಲಿವೆ ಎಂಬುದು ತಿಳಿಯುತ್ತದೆ. ಹಸ್ತಪ್ರತಿಗಳನ್ನು ಸಂಪಾದಿಸುವವರಿಗೂ ಸೂಚಿಗಳನ್ನು ಸಿದ್ಧಪಡಿಸುವವರಿಗೂ ಇದರಿಂದ ಪ್ರಯೋಜನವುಂಟು.

2

ಶ್ರವಣಬೆಳಗೊಳದ ಚಾವುಂಡರಾಯನ ಗುರುಸ್ಥಾನದಲ್ಲಿದ್ದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯು ಕ್ರಿ.ಶ. 10ನೆಯ ಶತಮಾನದ ಅಂತ್ಯಭಾಗದಲ್ಲಿ ರಚಿಸಿದ ಗೊಮ್ಮಟಸಾರವು ಜೀವಕಾಂಡ, ಕರ್ಮಕಾಂಡ ಎಂಬ ಎರಡು ಭಾಗಗಳುಳ್ಳದ್ದು ಎಂಬುದು ವಿದಿತವೇ ಆಗಿದೆ. ಇದಕ್ಕೆ ಕೇಶವವರ್ಣಿಯು ಶಕವರ್ಷ 1281ರಲ್ಲಿ, ಎಂದರೆ ಕ್ರಿ.ಶ. 1359ರಲ್ಲಿ, ಜೀವತತ್ತ್ವಪ್ರದೀಪಿಕೆ ಎಂಬ ಕನ್ನಡ ವೃತ್ತಿಯನ್ನು ಬರೆದು ಮುಗಿಸಿದನು. ಅದೇ ಹೆಸರಿನ ಸಂಸ್ಕೃತ ಟೀಕೆಯು ಕೇಶವವರ್ಣಿಯದಲ್ಲ, ಅವನ ಕನ್ನಡ ವೃತ್ತಿಯನ್ನು ಆಧಾರವಾಗಿಟ್ಟುಕೊಂಡು ಮುಂದೆ ಬೇರೊಬ್ಬ ನೇಮಿಚಂದ್ರನು ರಚಿಸಿದ್ದು, ಎಂಬುದನ್ನು ಡಾ. ಆ. ನೇ. ಉಪಾಧ್ಯೆಯವರು ತೋರಿಸಿಕೊಟ್ಟರು. ಆ ಸಂಸ್ಕೃತ ಟೀಕೆಯ ಆಧಾರದ ಮೇಲೆ 18ನೆಯ ಶತಮಾನದಲ್ಲಿ ಜಯಪುರದ ಪಂಡಿತ ಟೋಡರಮಲ್ಲರು ಸಮ್ಯಗ್ಜ್ಞಾನಚಂದ್ರಿಕೆಯನ್ನು ಬರೆದರು. ಹೀಗೆ ಉತ್ತರದ ಅಭ್ಯಾಸಿಗಳಿಗೆ ಈ ಶಾಸ್ತ್ರದ ಅರ್ಥವು ಕನ್ನಡದ ದಾರಿಯಿಂದಲೇ ತಲಪಿತು. ಮೂಲವೂ ಕನ್ನಡ ವೃತ್ತಿಯೂ ಕೂಡಿದ ಆವೃತ್ತಿಯನ್ನು ಭಾರತೀಯ ಜ್ಞಾನಪೀಠವು 1978ರಿಂದ 1981ರವರೆಗಿನ ಅವಧಿಯಲ್ಲಿ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು.

ಜೀವಕಾಂಡದಲ್ಲಿ ಆರನೆಯ ಗುಣಸ್ಥಾನವಾದ ಪ್ರಮತ್ತವಿರತವನ್ನು ವಿವರಿಸುವಾಗ ಆಚಾರ್ಯರು 15 ಪ್ರಮಾದಗಳನ್ನು ಎಣಿಸುತ್ತಾರೆ. ವಿಕಥೆಗಳು 4: ಸ್ತ್ರೀಕಥೆ, ಭಕ್ತಕಥೆ, ರಾಷ್ಟ್ರಕಥೆ, ಅವನಿಪಾಲಕಥೆ. ಕಷಾಯಗಳು 4: ಕ್ರೋಧ, ಮಾನ, ಮಾಯೆ, ಲೋಭ. ಇಂದ್ರಿಯಗಳು 5. ನಿದ್ರೆ 1, ಪ್ರಣಯ 1. ಯಾವುದೇ ಒಂದು ಪ್ರಮಾದಾವಸ್ಥೆಯಲ್ಲಿ ಪ್ರತಿಯೊಂದು ವರ್ಗದಿಂದಲೂ ಒಂದೊಂದು ಭೇದ ಕೂಡಿರುತ್ತದೆ. ಸ್ನೇಹವುಳ್ಳವನೂ ನಿದ್ರಾಳುವೂ ಆದ ಮುನಿ ಸ್ಪರ್ಶನೇಂದ್ರಿಯಕ್ಕೆ ವಶನಾಗಿ, ಕ್ರೋಧಿಯಾಗಿ, ಸ್ತ್ರೀಕಥೆಯಲ್ಲಿ ತೊಡಗಿದ್ದಾನೆ ಎಂಬುದು ಒಂದು ಆಲಾಪ. ಹೀಗೆ 4, 4, 5, 1, 1ನ್ನು ಗುಣಿಸಿದರೆ ಆಲಾಪಗಳು 80 ಆಗುತ್ತವೆ.

ಈ 80ನ್ನು ತಿಳಿಯಲು ಐದು ಪ್ರಕಾರಗಳನ್ನು ಗ್ರಂಥವು ಹೇಳುತ್ತದೆ: ಸಂಖ್ಯೆ, ಪ್ರಸ್ತಾರ, ಪರಿವರ್ತನ, ನಷ್ಟ, ಸಮುದ್ದಿಷ್ಟ. ಒಟ್ಟು ಭೇದಗಳೆಷ್ಟು ಎಂಬುದು ಸಂಖ್ಯೆ. ಅವುಗಳನ್ನು ಕ್ರಮದಿಂದ ಹರಡುವುದು ಪ್ರಸ್ತಾರ. ಒಂದು ಭೇದದಿಂದ ಮುಂದಿನದಕ್ಕೆ ಸರಿಯುವುದು ಪರಿವರ್ತನ. ಇದಕ್ಕೆ ಅಕ್ಷಸಂಕ್ರಮವೆಂದೂ ಹೆಸರು. ಕ್ರಮಸಂಖ್ಯೆಯನ್ನು ಕೊಟ್ಟಾಗ ಆಲಾಪವನ್ನು ಕಂಡುಹಿಡಿಯುವುದು ನಷ್ಟ. ಆಲಾಪವನ್ನು ಕೊಟ್ಟಾಗ ಕ್ರಮಸಂಖ್ಯೆಯನ್ನು ಕಂಡುಹಿಡಿಯುವುದು ಸಮುದ್ದಿಷ್ಟ. ಈ ಪರಿಭಾಷೆಯ ಬಹುಭಾಗವು ಪಿಂಗಲನ ಕಾಲದಿಂದ ಬಂದ ಛಂದಶ್ಶಾಸ್ತ್ರದ್ದು. ನಾಗವರ್ಮನ ಛಂದೋಂಬುಧಿಯ ಓದುಗರಿಗೂ ಪ್ರಸ್ತಾರ, ನಷ್ಟ, ಉದ್ದಿಷ್ಟಗಳು ಅಪರಿಚಿತವಲ್ಲ. ವಟ್ಟಕೇರನ ಮೂಲಾಚಾರದ ಶೀಲಗುಣಾಧಿಕಾರದಲ್ಲಿಯೂ ಇವೇ ಐದು ವಿಷಯಗಳು ಬರುತ್ತವೆ. ಲಘುಗುರುಗಳ ಎರಡೇ ಎರಡು ಬೆಲೆಗಳಿಗೆ ಅನ್ವಯಿಸುತ್ತಿದ್ದ ವಿಧಾನವನ್ನು ಈ ಆಚಾರ್ಯರು ನಾಲ್ಕು, ಐದು, ಹತ್ತು ಬೆಲೆಗಳುಳ್ಳ ವರ್ಗಗಳಿಗೂ ವಿಸ್ತರಿಸಿದ್ದಾರೆ ಎಂಬುದು ಇಲ್ಲಿ ಗಮನಾರ್ಹ.

3

ಪ್ರಸ್ತಾರವನ್ನು ಒಂದು ಮರವೆಂದು ಭಾವಿಸಬಹುದು. ಬುಡದಿಂದ ನಾಲ್ಕು ವಿಕಥೆಗಳ ಕವಲುಗಳು ಒಡೆಯುತ್ತವೆ. ಪ್ರತಿಯೊಂದರಿಂದ ನಾಲ್ಕು ಕಷಾಯಗಳ ಕೊಂಬೆಗಳು. ಪ್ರತಿಯೊಂದು ಕೊಂಬೆಯಲ್ಲಿ ಐದು ಇಂದ್ರಿಯಗಳ ಎಲೆಗಳು. ಎಲೆಗಳ ಒಟ್ಟು ಎಣಿಕೆ 80. ಮರವನ್ನು ಪೂರ್ತಿಯಾಗಿ ಬರೆದರೆ ಹಲವು ಗರಿಗಳು ಬೇಕು. ಆಚಾರ್ಯರು ಮರವನ್ನು ಬರೆಯಲಿಲ್ಲ. ಮರದಲ್ಲಿ ನಡೆದಾಡುವ ಸಾಧನವೊಂದನ್ನು ಬರೆದರು. ಅಭ್ಯಾಸಿಗಳಲ್ಲಿ ಗೂಢಯಂತ್ರವೆಂದು ಹೆಸರಾದ ಕೋಷ್ಟಕವೇ ಅದು. ಅದರ ಅಂಕಗಳನ್ನು ಗಾಹೆಯಲ್ಲಿಯೇ ಹೇಳಲಾಗಿದೆ. ಮೊದಲನೆಯ ಪ್ರಸ್ತಾರಕ್ಕೆ ಅದು ಹೀಗಿದೆ:

ಇಂದ್ರಿಯ: ಸ್ಪರ್ಶನ 1, ರಸನ 2, ಘ್ರಾಣ 3, ಚಕ್ಷು 4, ಶ್ರೋತ್ರ 5.
ಕಷಾಯ: ಕ್ರೋಧ 0, ಮಾನ 5, ಮಾಯೆ 10, ಲೋಭ 15.
ವಿಕಥೆ: ಸ್ತ್ರೀ 0, ಭಕ್ತ 20, ರಾಷ್ಟ್ರ 40, ಅವನಿಪಾಲ 60.

ರಾಷ್ಟ್ರಕಥೆ, ಮಾಯೆ, ಚಕ್ಷು ಎಂಬ ಆಲಾಪವು ಎಷ್ಟನೆಯದು? ಮೂರು ಮನೆಗಳ ಅಂಕಗಳನ್ನು ಕೂಡಿಸಬೇಕು: 40, 10, 4, ಒಟ್ಟು 54. ಇದು ಉದ್ದಿಷ್ಟ. ಇನ್ನು 54ನೆಯ ಆಲಾಪ ಯಾವುದು ಎಂಬ ನಷ್ಟಪ್ರಶ್ನೆಗೆ ಹಿಂದುಮುಂದಾಗಿ ನಡೆಯಬೇಕು. ವಿಕಥೆಯ ಸಾಲಿನಲ್ಲಿ 54ಕ್ಕಿಂತ ಕಡಿಮೆಯಾದವುಗಳಲ್ಲಿ ದೊಡ್ಡದು 40, ಅದು ರಾಷ್ಟ್ರಕಥೆ, ಉಳಿದದ್ದು 14. ಕಷಾಯದ ಸಾಲಿನಲ್ಲಿ 10, ಅದು ಮಾಯೆ. ಉಳಿದದ್ದು 4, ಅದು ಚಕ್ಷು. ಯಂತ್ರವಿಲ್ಲದೆ ಬಿಡಿಸುವ ವಿಧಾನವನ್ನೂ ಗ್ರಂಥವು ಹೇಳುತ್ತದೆ. 54ನ್ನು ಇಂದ್ರಿಯಗಳ ಸಂಖ್ಯೆಯಾದ 5ರಿಂದ ಭಾಗಿಸಿದರೆ ಶೇಷ 4, ಚಕ್ಷು. ಲಬ್ಧವಾದ 10ಕ್ಕೆ 1ನ್ನು ಸೇರಿಸಿ 4ರಿಂದ ಭಾಗಿಸಿದರೆ ಶೇಷ 3, ಮಾಯೆ. ಲಬ್ಧವಾದ 2ಕ್ಕೆ 1ನ್ನು ಸೇರಿಸಿದರೆ 3, ರಾಷ್ಟ್ರಕಥೆ. ಶೇಷವು ಸೊನ್ನೆಯಾದರೆ ಆ ವರ್ಗದ ಕೊನೆಯ ಭೇದವನ್ನು ಹಿಡಿಯಬೇಕು, ಲಬ್ಧಕ್ಕೆ ಏನನ್ನೂ ಸೇರಿಸಬಾರದು ಎಂಬ ಎಚ್ಚರಿಕೆಯೂ ಅಲ್ಲಿದೆ.

ಇಂದ್ರಿಯಗಳ ಸಾಲು 1ರಿಂದಲೂ ಉಳಿದ ಸಾಲುಗಳು ಸೊನ್ನೆಯಿಂದಲೂ ಆರಂಭವಾಗುವುದು ಆಕಸ್ಮಿಕವಲ್ಲ. 40ನೆಯ ಆಲಾಪವನ್ನು ಕೇಳಿದಾಗ ಅವಸರದ ಓದುಗನು ವಿಕಥೆಯ 40ನ್ನು ಹಿಡಿದು ನಿಂತರೆ ಇಂದ್ರಿಯಕ್ಕೆ ಏನೂ ಉಳಿಯುವುದಿಲ್ಲ. ಕೊನೆಯ ಸಾಲಿನಲ್ಲಿ ಸೊನ್ನೆಯ ಮನೆಯೇ ಇಲ್ಲದ ಕಾರಣ ಅವನು ಹಿಂದೆ ಸರಿದು 20, 15, 5 ಎಂದು ಹಿಡಿಯಲೇಬೇಕು: ಭಕ್ತಕಥೆ, ಲೋಭ, ಶ್ರೋತ್ರ. ಭಾಗಾಕಾರದ ವಿಧಾನದಲ್ಲಿ ಮಾತಿನಿಂದ ಕೊಟ್ಟ ಎಚ್ಚರಿಕೆಯನ್ನು ಯಂತ್ರವು ತನ್ನ ಮನೆಗಳ ಏರ್ಪಾಡಿನಿಂದಲೇ ಕೊಡುತ್ತದೆ. ಉಪಯೋಗಿಸುವವನನ್ನು ತಪ್ಪುದಾರಿಗೆ ಬಿಡದಿರುವುದು ಒಳ್ಳೆಯ ಸಾಧನದ ಲಕ್ಷಣ. ಆ ಲಕ್ಷಣ ಇಲ್ಲಿ ಪೂರ್ಣವಾಗಿದೆ.

ಎರಡನೆಯ ಪ್ರಸ್ತಾರದಲ್ಲಿ ಮರವನ್ನು ತಲೆಕೆಳಗು ಮಾಡಲಾಗುತ್ತದೆ. ಅಲ್ಲಿ ಇಂದ್ರಿಯಗಳು ಬುಡದ ಕವಲುಗಳು, ವಿಕಥೆಗಳು ತುದಿಯ ಎಲೆಗಳು. ಯಂತ್ರದಲ್ಲಿ ವಿಕಥೆಗೆ 1, 2, 3, 4. ಕಷಾಯಕ್ಕೆ 0, 4, 8, 12. ಇಂದ್ರಿಯಕ್ಕೆ 0, 16, 32, 48, 64. ಮೊದಲು 54ನೆಯದಾಗಿದ್ದ ಆಲಾಪ ಇಲ್ಲಿ 3, 8, 48 ಕೂಡಿ 59ನೆಯದಾಗುತ್ತದೆ. ಆಲಾಪ ಬದಲಾಗಲಿಲ್ಲ, ಅದರ ನೆರೆಹೊರೆ ಬದಲಾಯಿತು. ಮೊದಲನೆಯ ಕ್ರಮದಲ್ಲಿ 51ರಿಂದ 55ರವರೆಗಿನವು ಅದರ ಒಡಹುಟ್ಟುಗಳು: ರಾಷ್ಟ್ರಕಥೆಯೂ ಮಾಯೆಯೂ ಸ್ಥಿರ, ಇಂದ್ರಿಯ ಮಾತ್ರ ಬೇರೆ. ಎರಡನೆಯದರಲ್ಲಿ 57ರಿಂದ 60ರವರೆಗಿನವು: ಮಾಯೆಯೂ ಚಕ್ಷುವೂ ಸ್ಥಿರ, ವಿಕಥೆ ಮಾತ್ರ ಬೇರೆ. ಆತ್ಮಪರೀಕ್ಷೆಗೆ ತೊಡಗಿದವನು ತನ್ನ ದೋಷವನ್ನು ಮಾತಿನ ಕಡೆಯಿಂದಲೂ ನೋಡಬಹುದು, ಇಂದ್ರಿಯದ ಕಡೆಯಿಂದಲೂ ನೋಡಬಹುದು. ಎರಡು ಪ್ರಸ್ತಾರಗಳನ್ನು ಹೇಳಿರುವುದರ ಸಾರ್ಥಕ್ಯ ಇದರಲ್ಲಿದೆ.

4

ಈ ಯಂತ್ರದ ಮಿತವ್ಯಯವನ್ನು ಅಂಕಗಳಲ್ಲಿಯೇ ನೋಡಬಹುದು. ಭೇದಗಳು ಗುಣಾಕಾರದಿಂದ ಬೆಳೆಯುತ್ತವೆ, ಯಂತ್ರದ ಮನೆಗಳು ಸಂಕಲನದಿಂದ ಬೆಳೆಯುತ್ತವೆ. 80 ಆಲಾಪಗಳಿಗೆ 13 ಮನೆಗಳು ಸಾಕು. ಪ್ರಮಾದಗಳ ವಿಸ್ತಾರಗಣನೆಯಲ್ಲಿ ವಿಕಥೆಗಳು 25, ಕಷಾಯನೋಕಷಾಯಗಳು ಕೂಡಿ 25, ಮನಸ್ಸು ಸೇರಿ ಇಂದ್ರಿಯಗಳು 6, ನಿದ್ರೆಗಳು 5, ಸ್ನೇಹಮೋಹಗಳು 2, ಗುಣಲಬ್ಧ 37,500. ಅದಕ್ಕೆ ಬೇಕಾದ ಮನೆಗಳು 63 ಮಾತ್ರ. 18,000 ಶೀಲಭೇದಗಳು ಯೋಗ 3, ಕರಣ 3, ಸಂಜ್ಞೆ 4, ಇಂದ್ರಿಯ 5, ಪೃಥ್ವೀಕಾಯಾದಿ 10, ಶ್ರಮಣಧರ್ಮ 10 ಇವುಗಳ ಗುಣಲಬ್ಧ, ಮನೆಗಳು 35. ಉದ್ದ ಹೆಚ್ಚು, ಅಗಲ ಕಡಿಮೆಯಾದ ತಾಳೆಗರಿಗೆ ಕೆಲವೇ ಸಾಲುಗಳುಳ್ಳ ಇಂಥ ಕೋಷ್ಟಕವು ಹೇಳಿಮಾಡಿಸಿದಂತೆ ಹೊಂದುತ್ತದೆ.

ಲಿಪಿಕಾರನ ಕೈತಪ್ಪನ್ನು ಪತ್ತೆಹಚ್ಚುವ ಗುಣವೂ ಯಂತ್ರಕ್ಕಿದೆ. ಪ್ರತಿ ಸಾಲಿನ ಕೊನೆಯ ಅಂಕಗಳ ಮೊತ್ತವು ಒಟ್ಟು ಸಂಖ್ಯೆಗೆ ಸಮನಾಗಬೇಕು: ಮೊದಲನೆಯದರಲ್ಲಿ 5, 15, 60, ಎರಡನೆಯದರಲ್ಲಿ 4, 12, 64, ಎರಡೂ 80. ಸೊನ್ನೆಗೆ ಅರ್ಥವಿಲ್ಲವೆಂದು ಬಗೆದು ನಕಲುಗಾರನು ಅದನ್ನು ಬಿಟ್ಟರೆ ಕಷಾಯದ ಸಾಲು ಒಂದು ಮನೆ ಸರಿದು, 5 ಕ್ರೋಧದ ಕೆಳಗೂ 15 ಮಾಯೆಯ ಕೆಳಗೂ ಬಂದು, ಲೋಭದ ಮನೆ ಬರಿದಾಗುತ್ತದೆ. ಬೇರೊಂದು ಪ್ರತಿಯ ನೆರವಿಲ್ಲದೆಯೇ ಸಂಪಾದಕನು ಈ ತಪ್ಪನ್ನು ತಿದ್ದಬಹುದು. ಆದರೆ ಇದಕ್ಕೆ ಒಂದು ನಿಯಮವುಂಟು: ಯಾವ ಅಂಕವು ಯಾವ ಹೆಸರಿನ ಕೆಳಗಿದೆ ಎಂಬುದು ಉಳಿದಿರಬೇಕು. ಯಂತ್ರದಲ್ಲಿ ಸ್ಥಾನವೇ ಪಾಠ. ಅಂಕಗಳನ್ನೆಲ್ಲ ಒಂದೇ ಸಾಲಿನಲ್ಲಿ ಗದ್ಯದಂತೆ ಓಡಿಸಿ ಬರೆದರೆ ಅಕ್ಷರಗಳು ಉಳಿದರೂ ಪಾಠವು ನಷ್ಟವಾಗುತ್ತದೆ.

5

ಇನ್ನು ಈಚಿನ ಪ್ರಯತ್ನಗಳತ್ತ ನೋಡೋಣ. ಅಮೆರಿಕದ ಜಾರ್ಜ್ ಫರ್ನಾಸ್ 1986ರಲ್ಲಿ ಮಂಡಿಸಿದ ವಿಚಾರವು ಮೀನುಗಣ್ಣಿನ ನೋಟವೆಂದು ಪ್ರಸಿದ್ಧವಾಯಿತು. ದೊಡ್ಡ ಮರದಲ್ಲಿ ಏನನ್ನು ತೋರಿಸಬೇಕು, ಏನನ್ನು ಮರೆಮಾಡಬೇಕು ಎಂಬುದನ್ನು ಎರಡು ಅಂಶಗಳಿಂದ ನಿರ್ಣಯಿಸಬಹುದೆಂದು ಅವರು ತೋರಿಸಿದರು. ಬುಡಕ್ಕೆ ಸಮೀಪವಾದ ಕವಲುಗಳಿಗೆ ಸ್ವಭಾವತಃ ಹೆಚ್ಚಿನ ಮಹತ್ವವಿದೆ; ಓದುಗನು ನಿಂತಿರುವ ಎಡೆಯಿಂದ ದೂರವಾದಂತೆಲ್ಲ ಆ ಮಹತ್ವ ಕುಗ್ಗುತ್ತದೆ. ಆದುದರಿಂದ ತಾನಿರುವ ಕೊಂಬೆಯ ಎಲೆಗಳೂ ಬುಡದವರೆಗಿನ ದಾರಿಯೂ ಸ್ಪಷ್ಟವಾಗಿ ಕಾಣಬೇಕು. ಉಳಿದದ್ದು ಹೆಸರುಮಾತ್ರವಾಗಿದ್ದರೆ ಸಾಕು.

1990ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಒಂದು ಪ್ರಯೋಗಾಲಯದಲ್ಲಿ 14 ಮಂದಿ ಹಂಚಿಕೊಂಡು ಬಳಸುತ್ತಿದ್ದ 80 ಮೆಗಾಬೈಟಿನ ಸಂಗ್ರಹಫಲಕವು ತುಂಬಿಹೋಗುತ್ತಿತ್ತು. ಯಾರ ಯಾವ ಕಡತ ಎಷ್ಟು ಜಾಗವನ್ನು ಆಕ್ರಮಿಸಿದೆ ಎಂದು ತಿಳಿಯಲು ಬೆನ್ ಶ್ನೈಡರ್‌ಮನ್ ಒಂದು ಉಪಾಯ ಹೂಡಿದರು. ತೆರೆಯ ಇಡೀ ಆಯತವೇ ಬುಡವೆಂದು ಇಟ್ಟುಕೊಂಡು ಅದನ್ನು ಮೊದಲ ಕವಲುಗಳಿಗೆ ನೆಟ್ಟಗೆ ಸೀಳುವುದು, ಪ್ರತಿಯೊಂದು ತುಂಡನ್ನು ಅದರ ಉಪಕವಲುಗಳಿಗೆ ಅಡ್ಡಲಾಗಿ ಸೀಳುವುದು, ಹೀಗೆಯೇ ಮುಂದುವರಿಯುವುದು. ಪ್ರತಿ ಎಲೆಯ ವಿಸ್ತೀರ್ಣವು ಅದರ ಪ್ರಮಾಣಕ್ಕೆ ಅನುಗುಣವಾಗಿರುತ್ತದೆ. ಟ್ರೀಮ್ಯಾಪ್ ಎಂದು ಹೆಸರಾದ ಈ ವಿಧಾನವನ್ನು ಬ್ರಯನ್ ಜಾನ್ಸನ್ ಅವರೊಡನೆ ಬೆಳೆಸಿ 1991ರಲ್ಲಿ ವಿದ್ವತ್ಸಭೆಯ ಮುಂದಿಡಲಾಯಿತು. ಅದೇ ವರ್ಷ ಜೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನ ಕೇಂದ್ರದ ರಾಬರ್ಟ್‌ಸನ್, ಮ್ಯಾಕಿನ್ಲೇ, ಕಾರ್ಡ್ ಎಂಬ ಮೂವರು ಮರವನ್ನು ತಿರುಗುವ ಶಂಕುಗಳಾಗಿ ತೋರಿಸಿದರು. 1995ರಲ್ಲಿ ಅದೇ ಕೇಂದ್ರದಿಂದ ಲ್ಯಾಂಪಿಂಗ್, ರಾವ್, ಪಿರೊಲ್ಲಿ ಇವರು ವೃತ್ತದ ನಡುವೆ ಹಿಗ್ಗಿ ಅಂಚಿನಲ್ಲಿ ಕುಗ್ಗುವ ಮರವನ್ನು ರೂಪಿಸಿದರು. ಓದುಗನು ಯಾವ ಕವಲನ್ನು ಮುಟ್ಟುತ್ತಾನೋ ಅದು ನಡುವಿಗೆ ಬರುತ್ತದೆ. 1996ರಲ್ಲಿ ಶ್ನೈಡರ್‌ಮನ್ ಇವೆಲ್ಲದರ ಅನುಭವವನ್ನು ಒಂದು ಕ್ರಮದಲ್ಲಿ ಸಂಗ್ರಹಿಸಿದರು: ಮೊದಲು ಸಮಗ್ರನೋಟ, ಅನಂತರ ಸಮೀಪಿಸುವುದು ಮತ್ತು ಬೇಡದ್ದನ್ನು ಸೋಸುವುದು, ಕೊನೆಗೆ ಬೇಡಿದಾಗ ವಿವರ.

ಈ ಮೂರು ಮೆಟ್ಟಿಲುಗಳನ್ನು ಗೊಮ್ಮಟಸಾರದ ಐದು ಪ್ರಕಾರಗಳೊಡನೆ ಇಟ್ಟು ನೋಡಿದರೆ ಸಾಮ್ಯವೂ ವ್ಯತ್ಯಾಸವೂ ತಿಳಿಯುತ್ತವೆ. ಸಂಖ್ಯೆಯು ಸಮಗ್ರನೋಟದ ಸ್ಥಾನದಲ್ಲಿದೆ. ಎಷ್ಟು ದೊಡ್ಡ ಕ್ಷೇತ್ರವನ್ನು ಪ್ರವೇಶಿಸುತ್ತಿದ್ದೇವೆ ಎಂಬುದನ್ನು ಅದು ಮೊದಲೇ ತಿಳಿಸುತ್ತದೆ. ಅಕ್ಷಸಂಕ್ರಮವು ಕೊಂಬೆಯಿಂದ ಕೊಂಬೆಗೆ ಸರಿಯುವ ನಡೆ. ಆ ಹೆಸರೇ ಚಲನೆಯನ್ನು ಸೂಚಿಸುತ್ತದೆ. ನಷ್ಟವು ಬೇಡಿದ ಎಲೆಯನ್ನು ಮಾತ್ರ ಬಿಡಿಸಿ ಕೊಡುತ್ತದೆ. ಉದ್ದಿಷ್ಟಕ್ಕೆ ಮಾತ್ರ ಆ ಮೂರು ಮೆಟ್ಟಿಲುಗಳಲ್ಲಿ ಪ್ರತ್ಯೇಕವಾದ ಹೆಸರಿಲ್ಲ. ಎದುರಿಗಿರುವ ಒಂದು ವಸ್ತುವು ಸಮಸ್ತದಲ್ಲಿ ಎಲ್ಲಿ ನಿಲ್ಲುತ್ತದೆ ಎಂದು ಕೇಳುವ ಈ ಪ್ರಶ್ನೆಯನ್ನು ನಷ್ಟದಷ್ಟೇ ಮುಖ್ಯವೆಂದು ಎಣಿಸಿದ್ದು ನಮ್ಮ ಶಾಸ್ತ್ರಕಾರರ ವಿಶೇಷ.

6

ಆದರೆ ಗೂಢಯಂತ್ರಕ್ಕೆ ಒಂದು ಮಿತಿಯುಂಟು. ಪ್ರತಿಯೊಂದು ಕವಲೂ ಒಂದೇ ಬಗೆಯಲ್ಲಿ ಕವಲೊಡೆಯುವ ಸಮವೃಕ್ಷಕ್ಕೆ ಮಾತ್ರ ಅದು ಸಲ್ಲುತ್ತದೆ. ಯಾವ ವಿಕಥೆಯ ಕೆಳಗಾದರೂ ಕಷಾಯಗಳು ನಾಲ್ಕೇ. ಕರ್ಮಪ್ರಕೃತಿಗಳ ಮರವು ಹೀಗಲ್ಲ. ಜ್ಞಾನಾವರಣಕ್ಕೆ 5, ದರ್ಶನಾವರಣಕ್ಕೆ 9, ವೇದನೀಯಕ್ಕೆ 2, ಮೋಹನೀಯಕ್ಕೆ 28, ಆಯುವಿಗೆ 4, ನಾಮಕ್ಕೆ 93, ಗೋತ್ರಕ್ಕೆ 2, ಅಂತರಾಯಕ್ಕೆ 5, ಒಟ್ಟು 148. ಎಂಟು ಹೆಸರುಗಳನ್ನು ಸಾಲಾಗಿ ಕೇಳಿದ ವಿದ್ಯಾರ್ಥಿಗೆ ಅವು ಎಂಟು ಸಮಭಾಗಗಳೆಂಬ ಭಾವನೆ ಬರುವುದು ಸಹಜ. ನೂರರಲ್ಲಿ ಸುಮಾರು 63 ಪಾಲು ನಾಮಕರ್ಮವೊಂದರದೇ ಎಂಬುದು ಆ ಸಾಲಿನಿಂದ ಹೊಳೆಯುವುದಿಲ್ಲ. ಇಂಥ ವಿಷಮವೃಕ್ಷಕ್ಕೆ ವಿಸ್ತೀರ್ಣದಿಂದ ಪ್ರಮಾಣವನ್ನು ತೋರಿಸುವ ಆಯತಗಳ ವಿಧಾನವೇ ತಕ್ಕದ್ದು. ಪ್ರತಿ ಉತ್ತರಪ್ರಕೃತಿಗೆ ಸಮನಾದ ಒಂದು ಮನೆಯನ್ನು ಕೊಟ್ಟು ಚಿತ್ರಿಸಿದರೆ ಅರ್ಧಕ್ಕಿಂತ ಹೆಚ್ಚಿನ ಕ್ಷೇತ್ರವನ್ನು ನಾಮವು ಆವರಿಸಿರುವುದು ನೋಡಿದೊಡನೆ ತಿಳಿಯುತ್ತದೆ.

ಇಲ್ಲಿಯೂ ಆಚಾರ್ಯರು ಒಂದು ದಾರಿಯನ್ನು ಆಗಲೇ ತೆರೆದಿದ್ದಾರೆ. ಅದು ಭೇದವಿವಕ್ಷೆ ಮತ್ತು ಅಭೇದವಿವಕ್ಷೆ. ತತ್ತ್ವಾರ್ಥಸೂತ್ರದ ಎಂಟನೆಯ ಅಧ್ಯಾಯದಲ್ಲಿ ನಾಮವನ್ನು 42 ಎಂದು ಎಣಿಸಿರುವುದರಿಂದ ಒಟ್ಟು 97 ಆಗುತ್ತದೆ. ಆ 42ರಲ್ಲಿ 14 ಪಿಂಡಪ್ರಕೃತಿಗಳು. ಅವುಗಳನ್ನು ಬಿಡಿಸಿದರೆ 65. ಬಿಡಿಯಾದ 28 ಸೇರಿ 93. ಬಂಧವನ್ನು ಹೇಳುವಾಗ ಕರ್ಮಕಾಂಡವು ಭೇದವಿವಕ್ಷೆಯಿಂದ 146, ಅಭೇದವಿವಕ್ಷೆಯಿಂದ 120 ಎಂದು ಎಣಿಸುತ್ತದೆ. ಸಮ್ಯಕ್ತ್ವ, ಸಮ್ಯಙ್ಮಿಥ್ಯಾತ್ವಗಳೆರಡಕ್ಕೆ ಬಂಧವಿಲ್ಲ. ಐದು ಬಂಧನ, ಐದು ಸಂಘಾತಗಳು ಶರೀರಗಳಲ್ಲಿ ಅಡಗುತ್ತವೆ. ವರ್ಣಾದಿ 20 ಭೇದಗಳು ನಾಲ್ಕರಲ್ಲಿ ಅಡಗುತ್ತವೆ. ಎಂದರೆ ಮರವು ಒಂದೇ. ಓದುಗನ ಪ್ರಯೋಜನವನ್ನು ನೋಡಿಕೊಂಡು ಕೆಲವು ಕೊಂಬೆಗಳನ್ನು ಮುಚ್ಚಿ, ಕೆಲವನ್ನು ತೆರೆದು ತೋರಿಸಲಾಗಿದೆ. ಇಂದಿನ ತೆರೆಗಳಲ್ಲಿ ಕವಲೊಂದನ್ನು ಮುಟ್ಟಿ ಮಡಿಸುವ, ಬಿಡಿಸುವ ಕ್ರಿಯೆಗೆ ಇದಕ್ಕಿಂತ ಒಪ್ಪುವ ಕನ್ನಡ ಹೆಸರುಗಳು ದೊರೆಯಲಾರವು.

7

ಈ ವಿವೇಚನೆಯ ಆಧಾರದ ಮೇಲೆ ಕರ್ಮಕಾಂಡದ ಅಭ್ಯಾಸಕ್ಕೆ ಒಂದು ದರ್ಶನಫಲಕವನ್ನು ರಚಿಸುವುದಾದರೆ ಅದು ಹೇಗಿರಬೇಕು? ಮೊದಲ ನೋಟದಲ್ಲಿ ಎಂಟು ಮೂಲಪ್ರಕೃತಿಗಳು ತಮ್ಮ ತಮ್ಮ ವಿಸ್ತೀರ್ಣದೊಡನೆ ಕಾಣಬೇಕು. ಮುಟ್ಟಿದಾಗ 97ರ ಎಣಿಕೆಗೂ ಮತ್ತೆ ಮುಟ್ಟಿದಾಗ 148ರ ಎಣಿಕೆಗೂ ಬಿಡಿಸಿಕೊಳ್ಳಬೇಕು. ಎಷ್ಟೇ ಒಳಗೆ ಹೋದರೂ ಬುಡದವರೆಗಿನ ದಾರಿ ಮರೆಯಾಗಬಾರದು. ಕೆಳಗೆ 14 ಗುಣಸ್ಥಾನಗಳ ಮೆಟ್ಟಿಲು ಇದ್ದು, ಓದುಗನು ಒಂದೊಂದನ್ನೇ ಏರಿದಂತೆ ಮೇಲಿನ ಮನೆಗಳ ಬಣ್ಣ ಬದಲಾಗಬೇಕು.

ಈ ಬಣ್ಣಗಳು ಎರಡಾದರೆ ಸಾಲದು, ಮೂರು ಬೇಕು. ಬಂಧದ ವಿಷಯದಲ್ಲಿ ಗ್ರಂಥವು ಬಂಧ, ಅಬಂಧ, ಬಂಧವ್ಯುಚ್ಛಿತ್ತಿ ಎಂಬ ಮೂರು ಸ್ಥಿತಿಗಳನ್ನು ಬೇರ್ಪಡಿಸುತ್ತದೆ. 120ರಲ್ಲಿ ಮೊದಲನೆಯ ಗುಣಸ್ಥಾನದಲ್ಲಿ ಬಂಧಯೋಗ್ಯವಾದವು 117, ಎರಡನೆಯದರಲ್ಲಿ 101, ಮೂರನೆಯದರಲ್ಲಿ 74. ನಾಲ್ಕನೆಯದರಲ್ಲಿ ಸಂಖ್ಯೆ ಇಳಿಯುವ ಬದಲು 77ಕ್ಕೆ ಏರುತ್ತದೆ. ಎರಡು ಆಯುಗಳೂ ತೀರ್ಥಕರಪ್ರಕೃತಿಯೂ ಅಲ್ಲಿ ಬಂದು ಸೇರುತ್ತವೆ. ತೀರ್ಥಕರಪ್ರಕೃತಿಗೆ ಮೊದಲ ಮೂರು ಸ್ಥಾನಗಳಲ್ಲಿ ಬಂಧವಿಲ್ಲ, ಆದರೆ ಅದರ ಬಂಧ ವ್ಯುಚ್ಛಿನ್ನವೂ ಆಗಿಲ್ಲ. ಇರುವುದು, ಇಲ್ಲದಿರುವುದು ಎಂಬ ಎರಡೇ ಬಣ್ಣಗಳನ್ನಿಟ್ಟರೆ, ಮುಂದೆ ಬರಲಿರುವುದನ್ನು ಮುಗಿದುಹೋದದ್ದೆಂದು ಓದುಗನು ತಿಳಿಯುತ್ತಾನೆ. ಫಲಕವನ್ನು ರಚಿಸುವವನು ಶಾಸ್ತ್ರವನ್ನು ಅರಿಯದಿದ್ದರೆ ಎಷ್ಟೇ ಅಂದವಾದ ಚಿತ್ರವೂ ಅಪಸಿದ್ಧಾಂತವನ್ನು ಬೋಧಿಸುತ್ತದೆ.

ಚಿತ್ರದಿಂದ ಆಗುವ ಲಾಭವೂ ಸಣ್ಣದಲ್ಲ. ಬಂಧವ್ಯುಚ್ಛಿತ್ತಿಯ ಅಂಕಗಳನ್ನು ವಿದ್ಯಾರ್ಥಿಗಳು ಕಂಠಪಾಠ ಮಾಡುತ್ತಾರೆ: 16, 25, 0, 10, 4, 6, 1, 36, 5, 16, 0, 0, 1. ಇದರಲ್ಲಿ ಮೊದಲನೆಯ ಸ್ಥಾನದ 16ಕ್ಕೂ ಹತ್ತನೆಯ ಸ್ಥಾನದ 16ಕ್ಕೂ ಅಂಕದಲ್ಲಿ ಭೇದವಿಲ್ಲ. ಫಲಕದಲ್ಲಿ ನೋಡಿದರೆ ಭೇದವು ಎದ್ದುಕಾಣುತ್ತದೆ. ಮೊದಲನೆಯ 16 ಮನೆಗಳು ಮೋಹನೀಯ, ಆಯು, ನಾಮಗಳಲ್ಲಿ ಅಲ್ಲಲ್ಲಿ ಆರುತ್ತವೆ. ಹತ್ತನೆಯದರ ಕೊನೆಯಲ್ಲಿಯಾದರೋ ಜ್ಞಾನಾವರಣದ ಐದೂ ಅಂತರಾಯದ ಐದೂ ದರ್ಶನಾವರಣದಲ್ಲಿ ಉಳಿದಿದ್ದ ನಾಲ್ಕೂ ಒಮ್ಮೆಗೇ ಆರಿ, ಯಶಃಕೀರ್ತಿ, ಉಚ್ಚಗೋತ್ರಗಳೂ ಹೋಗಿ, ಇಡೀ ಕ್ಷೇತ್ರದಲ್ಲಿ ಸಾತಾವೇದನೀಯದ ಒಂದೇ ಮನೆ ಬೆಳಗುತ್ತಿರುತ್ತದೆ. ಅಂಕವು ಹೇಳದ ಸಂಗತಿಯನ್ನು ಕಣ್ಣು ಗ್ರಹಿಸುತ್ತದೆ.

ಇಂಥ ಫಲಕಗಳನ್ನು ರಚಿಸುವ ಕೆಲಸವು ಹಸ್ತಪ್ರತಿಗಳಿಂದಲೇ ಆರಂಭವಾಗಬೇಕು. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿಯು 1948ರಲ್ಲಿ ಪ್ರಕಟವಾದಂದಿನಿಂದ ನಮ್ಮ ಭಂಡಾರಗಳ ಗ್ರಂಥಗಳನ್ನು ತಿಳಿಯುವ ದಾರಿ ತೆರೆಯಿತು. ಗ್ರಂಥನಾಮ, ಕರ್ತೃ, ಭಾಷೆ, ಲಿಪಿ, ಗರಿಗಳ ಸಂಖ್ಯೆ, ಅಳತೆ, ಸ್ಥಿತಿ ಇವುಗಳನ್ನು ಸೂಚಿಗಳು ಕೊಡುತ್ತವೆ. ಇವುಗಳೊಡನೆ ಯಾವ ಗರಿಯಲ್ಲಿ ಯಂತ್ರವಿದೆ, ಅದು ಎಷ್ಟು ಸಾಲು ಎಷ್ಟು ಮನೆಗಳದು, ಅಂಕಗಳು ಸರಿಯಾಗಿ ಕೂಡುತ್ತವೆಯೇ, ಎಂಬುದನ್ನು ದಾಖಲಿಸುವ ಒಂದು ಅಂಕಣವನ್ನು ಸೇರಿಸುವುದು ಆವಶ್ಯಕ. ಗರಿಗಳ ಛಾಯಾಚಿತ್ರಗಳನ್ನು ತೆಗೆದು ಪಾಠವನ್ನು ಕಂಪ್ಯೂಟರಿಗೆ ಇಳಿಸುವ ಕಾರ್ಯ ಈಗ ನಡೆಯುತ್ತಿದೆ. ಆ ಕಾರ್ಯದಲ್ಲಿ ಯಂತ್ರಗಳನ್ನು ಸಾಲುಮಾತಾಗಿ ಬೆರಳಚ್ಚಿಸದೆ, ಹೆಸರು, ಅಂಕ, ಸ್ಥಾನ ಈ ಮೂರೂ ಉಳಿಯುವಂತೆ ದಾಖಲಿಸಬೇಕು. ಹಾಗೆ ಮಾಡಿದರೆ 1359ರಲ್ಲಿ ಕೇಶವವರ್ಣಿಯು ಕನ್ನಡದಲ್ಲಿ ಬಿಡಿಸಿ ಹೇಳಿದ್ದನ್ನು ಇಂದಿನ ವಿದ್ಯಾರ್ಥಿ ತನ್ನ ಬೆರಳಿನಿಂದ ನಡೆಸಿ ನೋಡಬಹುದು. ಮಾಡದಿದ್ದರೆ 54ನೆಯ ಆಲಾಪವನ್ನು ಹುಡುಕುವ ದಾರಿಯೇ ನಮ್ಮ ಕಡತಗಳಲ್ಲಿ ನಷ್ಟವಾಗಿ, ಅದನ್ನು ಮರಳಿ ಕೊಡುವ ಯಂತ್ರವೊಂದು ಉಳಿದಿರುವುದಿಲ್ಲ.